ಬಲೂನು ಹಾರಿಸಿ ಕಲಿತವರು

2025ರ ಜನವರಿ 18ರ ಶನಿವಾರ ಬೆಳಗ್ಗೆ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಭಾರಿ ಗಾತ್ರದ ಬಲೂನೊಂದು ಆಕಾಶದಿಂದ ಇಳಿದು ಬಿತ್ತು. ಅದಕ್ಕೆ ಯಂತ್ರಗಳಿದ್ದ ಪೆಟ್ಟಿಗೆ ಕಟ್ಟಿತ್ತು. ಊರವರು ಗಾಬರಿಯಾದರು, ಪೊಲೀಸರು ಬಂದರು, ಮೊಬೈಲುಗಳಲ್ಲಿ ವಿಡಿಯೊ ಹರಿದಾಡಿತು. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ, ಅಂದರೆ ಟಿಐಎಫ್ಆರ್‌ನ, ಬಲೂನು ಕೇಂದ್ರದವರು ಹಿಂದಿನ ರಾತ್ರಿ ಹಾರಿಬಿಟ್ಟದ್ದು ಎಂದು ಗೊತ್ತಾದ ಕೂಡಲೇ ಸುದ್ದಿ ಮುಗಿಯಿತು. ಜಿಲ್ಲಾ ಪುಟದ ಸುದ್ದಿಯ ಆಯಸ್ಸೇ ಅಷ್ಟು. ಬಿದ್ದದ್ದಕ್ಕೆ ಜಾಗ ಸಿಗುತ್ತದೆ, ಯಾಕೆ ಹಾರಿತ್ತು ಎಂಬುದಕ್ಕೆ ಸಿಗುವುದಿಲ್ಲ. ಈ ಬ್ಲಾಗಿನಲ್ಲಿ ಜಾಗಕ್ಕೆ ಬರವಿಲ್ಲ, ಹಾಗಾಗಿ ಆ ಉಳಿದ ಅರ್ಧ ಇಲ್ಲಿದೆ.

ಬಲೂನು ಬಿದ್ದಾಗ ಹಳ್ಳಿ ಬೆಚ್ಚಿಬೀಳುವುದು ಹೊಸದಲ್ಲ. 1783ರ ಆಗಸ್ಟ್ 27ರಂದು ಪ್ಯಾರಿಸ್ಸಿನಲ್ಲಿ ಜಾಕ್ ಚಾರ್ಲ್ಸ್ ಎಂಬ ವಿಜ್ಞಾನಿ ಹೈಡ್ರೋಜನ್ ತುಂಬಿದ ಮೊದಲ ಬಲೂನನ್ನು ಯಾರನ್ನೂ ಕೂರಿಸದೆ ಹಾರಿಬಿಟ್ಟರು. ಅದು ಗೊನೆಸ್ ಎಂಬ ಹಳ್ಳಿಯಲ್ಲಿ ಬಿತ್ತು. ಅಲ್ಲಿಯ ರೈತರು ಇದ್ಯಾವುದೋ ಪ್ರಾಣಿ ಎಂದುಕೊಂಡು ಕವೆಗೋಲಿನಿಂದ ತಿವಿದು ಚಿಂದಿ ಮಾಡಿದರು. ಇದು ಹೆದರುವಂಥದ್ದಲ್ಲ ಎಂದು ಫ್ರಾನ್ಸ್ ಸರ್ಕಾರ ಪ್ರಕಟಣೆ ಹೊರಡಿಸಬೇಕಾಯಿತು. ಹೈದರಾಬಾದಿನ ಕೇಂದ್ರವೂ ಬಲೂನು ಹಾರಿಸುವ ಋತು ಬಂದಾಗ ಅಂಥದ್ದೇ ಪ್ರಕಟಣೆ ಕಳಿಸುತ್ತದೆ: ಪೆಟ್ಟಿಗೆ ಕಂಡರೆ ಮುಟ್ಟಬೇಡಿ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಎರಡಕ್ಕೂ ನಡುವೆ ಇನ್ನೂರೈವತ್ತು ವರ್ಷ ಹತ್ತಿರವಾಗುತ್ತಿದೆ, ಒಕ್ಕಣೆ ಮಾತ್ರ ಹೆಚ್ಚು ಬದಲಾಗಿಲ್ಲ.

ಪಿಯುಸಿಯಲ್ಲಿ 'ಚಾರ್ಲ್ಸ್ ನಿಯಮ' ಎಂದು ಬಾಯಿಪಾಠ ಮಾಡಿಸುತ್ತಾರಲ್ಲ, ಆ ಚಾರ್ಲ್ಸ್ ಇವರೇ. ಪಕ್ಕದಲ್ಲೇ ಬರುವ ಗೇ ಲೂಸಾಕ್ 1804ರಲ್ಲಿ ಒಬ್ಬರೇ ಬಲೂನಿನಲ್ಲಿ ಕುಳಿತು ಸುಮಾರು 7,000 ಮೀಟರ್ ಏರಿ, ಅಲ್ಲಿಯ ಗಾಳಿಯನ್ನು ತುಂಬಿಕೊಂಡು ಬಂದವರು. ಅನಿಲ ನಿಯಮಗಳಿಗೆ ಹೆಸರು ಕೊಟ್ಟ ಇಬ್ಬರೂ ಬಲೂನಿನವರು. ನಮ್ಮ ಪಠ್ಯದಲ್ಲಿ ಅವರ ಸೂತ್ರ ಮಾತ್ರ ಉಳಿದಿದೆ.

ಬಲೂನು ವಿಶ್ವವಿದ್ಯಾಲಯದೊಳಗೆ ಗಟ್ಟಿಯಾಗಿ ಕಾಲೂರಿದ್ದು ವಿಶ್ವಕಿರಣಗಳ ಬೆನ್ನು ಹತ್ತಿ. 1912ರ ಆಗಸ್ಟ್ 7ರಂದು ಆಸ್ಟ್ರಿಯಾದ ವಿಕ್ಟರ್ ಹೆಸ್ ಉಪಕರಣಗಳೊಂದಿಗೆ 5,000 ಮೀಟರಿಗೂ ಮೇಲೆ ಹೋದರು. ವಿಕಿರಣ ನೆಲದಿಂದಲೇ ಬರುವುದಾದರೆ ಮೇಲೆ ಹೋದಂತೆ ಅದು ಕಡಿಮೆಯಾಗಬೇಕಿತ್ತು. ಅವರಿಗೆ ಸಿಕ್ಕಿದ್ದು ಉಲ್ಟಾ ಲೆಕ್ಕ. ಕಿರಣಗಳು ಆಚೆಯಿಂದ ಬರುತ್ತಿವೆ ಎಂಬ ಈ ಶೋಧಕ್ಕೆ 1936ರಲ್ಲಿ ನೊಬೆಲ್ ಬಂತು.

ಆದರೆ ನಮ್ಮ ವಿಷಯಕ್ಕೆ ಹೆಸ್‌ಗಿಂತ ಮುಖ್ಯ ಜರ್ಮನಿಯ ಸ್ಟುಟ್‌ಗಾರ್ಟಿನ ಒಬ್ಬ ವಿದ್ಯಾರ್ಥಿ, ಗೇಯಾರ್ಗ್ ಫೋಟ್ಸರ್. ಅವರ ಗುರು ಎರಿಕ್ ರೆಗೆನರ್ 1930ರ ದಶಕದಲ್ಲಿ ಮನುಷ್ಯರಿಲ್ಲದ ರಬ್ಬರ್ ಬಲೂನುಗಳಿಗೆ ತಾವೇ ಮಾಡಿದ ಉಪಕರಣ ಕಟ್ಟಿ ಹಾರಿಸುತ್ತಿದ್ದರು. ಆ ಹಾರಾಟಗಳಲ್ಲಿ ಫೋಟ್ಸರ್ ಒಂದು ವಿಚಿತ್ರ ನೋಡಿದರು. ವಿಕಿರಣದ ಎಣಿಕೆ ಮೇಲೆ ಹೋದಂತೆ ಏರುತ್ತದೆ ನಿಜ, ಆದರೆ 15ರಿಂದ 20 ಕಿಲೋಮೀಟರ್ ಎತ್ತರದಲ್ಲಿ ಒಂದು ತುದಿ ಮುಟ್ಟಿ, ಅಲ್ಲಿಂದ ಮೇಲೆ ಇಳಿಯತೊಡಗುತ್ತದೆ. ಹೊರಗಿನಿಂದ ಬಂದ ಕಣ ಗಾಳಿಯ ಅಣುವಿಗೆ ಬಡಿದು ಮರಿ ಕಣಗಳ ಮಳೆಯನ್ನೇ ಸುರಿಸುತ್ತದೆ. ಆ ಮಳೆ ಅತಿ ದಟ್ಟವಾಗಿರುವ ಎತ್ತರ ಅದು. ಅದಕ್ಕೆ ಈಗ ರೆಗೆನರ್–ಫೋಟ್ಸರ್ ಗರಿಷ್ಠ ಎನ್ನುತ್ತಾರೆ. ಹೆಂಡತಿ ಯಹೂದಿ ಮೂಲದವರೆಂಬ ಕಾರಣಕ್ಕೆ ನಾಜಿ ಆಡಳಿತ 1937ರಲ್ಲಿ ರೆಗೆನರ್ ಅವರನ್ನು ಹುದ್ದೆಯಿಂದ ಕಿತ್ತುಹಾಕಿತು. ಫೋಟ್ಸರ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಕಥೆ 1939ರ ಚಳಿಗಾಲದಲ್ಲಿ ನೇರ ಬೆಂಗಳೂರಿಗೆ ಬರುತ್ತದೆ. ಅಮೆರಿಕದ ಕ್ಯಾಲ್‌ಟೆಕ್‌ನಿಂದ ನೊಬೆಲ್ ಪಡೆದ ರಾಬರ್ಟ್ ಮಿಲಿಕನ್, ಅವರ ಸಹೋದ್ಯೋಗಿ ವಿಕ್ಟರ್ ನೆಹರ್, ಮಿಲಿಕನ್ ಕೈಕೆಳಗೇ ಪಿಎಚ್‌ಡಿ ಮಾಡಿದ್ದ ವಿಲಿಯಂ ಪಿಕರಿಂಗ್ ಎಂಬ ತರುಣ, ಮೂವರೂ ಭಾರತಕ್ಕೆ ಬಂದರು. ಬೆಂಗಳೂರು, ಆಗ್ರಾ, ಪೇಶಾವರ ಈ ಮೂರು ಕಡೆಗಳಿಂದ ಬಲೂನು ಹಾರಿಸಿದರು. ಸಮುದ್ರ ದಾಟಿ ಇಲ್ಲಿಗೇ ಯಾಕೆ ಬರಬೇಕಿತ್ತು? ಭೂಮಿಯ ಕಾಂತಕ್ಷೇತ್ರ ಒಂದು ಜರಡಿ ಇದ್ದಂತೆ. ಧ್ರುವಗಳ ಕಡೆ ಜರಡಿಯ ತೂತು ದೊಡ್ಡದು, ಕಡಿಮೆ ಶಕ್ತಿಯ ಕಣಗಳೂ ಇಳಿದು ಬರುತ್ತವೆ. ದಕ್ಷಿಣ ಭಾರತ ಭೂಕಾಂತೀಯ ಸಮಭಾಜಕದ ಹತ್ತಿರ ಇದೆ. ಇಲ್ಲಿ ತೂತು ತೀರಾ ಸಣ್ಣದು, ಅತಿ ಶಕ್ತಿಯ ಕಣಗಳಷ್ಟೇ ತೂರಿ ಬರುತ್ತವೆ. ಪೇಶಾವರದಿಂದ ಬೆಂಗಳೂರಿಗೆ ಇಳಿದರೆ ಜರಡಿಯನ್ನು ಬದಲಿಸುತ್ತಾ ಅಳೆದಂತಾಯಿತು.

ಅದೇ ಹೊತ್ತಿಗೆ ಯುದ್ಧದಿಂದಾಗಿ ಕೇಂಬ್ರಿಜ್‌ಗೆ ಮರಳಲಾಗದೆ ಊರಲ್ಲೇ ಉಳಿದ ಹೋಮಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ದರು. ಕಾಗದ ಪೆನ್ನಿನ ಭೌತವಿಜ್ಞಾನಿ ಅವರು. ಬೆಂಗಳೂರಿನಲ್ಲಿ ವಿಶ್ವಕಿರಣ ಸಂಶೋಧನಾ ಘಟಕ ಕಟ್ಟಿ ಉಪಕರಣಗಳಿಗೆ ಕೈ ಹಾಕಿದರು. ವಿಮಾನದಲ್ಲಿ ಕೌಂಟರ್‌ಗಳನ್ನು ಕಳಿಸಿದರು. ಆ ಕೆಲಸದ ಪ್ರಬಂಧದಲ್ಲಿ ಭಾಭಾ ಹೆಸರಿನ ಜೊತೆ ಎಸ್.ವಿ. ಚಂದ್ರಶೇಖರ ಅಯ್ಯ ಅವರ ಹೆಸರೂ ಇದೆ. ವಿಮಾನ ಮುಟ್ಟದ ಎತ್ತರಕ್ಕೆ ರಬ್ಬರ್ ಬಲೂನುಗಳ ಗೊಂಚಲು ಕಟ್ಟಿ ಹಾರಿಸಿದರು. 1945ರಲ್ಲಿ ಟಿಐಎಫ್ಆರ್ ಹುಟ್ಟಿದ್ದೂ ಬೆಂಗಳೂರಿನ ಇದೇ ಘಟಕದಲ್ಲಿ, ಆ ವರ್ಷದ ಕೊನೆಗೆ ಅದು ಮುಂಬೈಗೆ ಹೋಯಿತು. ಜಲಸಂಗಿಗೆ ಬಿದ್ದ ಬಲೂನಿನ ವಂಶವೃಕ್ಷ ಹಿಡಿದು ಹೊರಟರೆ ಸಿಗುವುದು ಬೆಂಗಳೂರಿನ ಈ ಗೊಂಚಲುಗಳೇ.

ರಬ್ಬರಿನ ಮಿತಿ ದಾಟಿದ್ದು ಪ್ಲಾಸ್ಟಿಕ್. 1947ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಜನರಲ್ ಮಿಲ್ಸ್ ಎಂಬ ಕಂಪನಿ ತೆಳು ಪಾಲಿಥೀನಿನ ದೈತ್ಯ ಬಲೂನುಗಳನ್ನು ಮಾಡತೊಡಗಿತು. ಅದು ಗೋಧಿ ಹಿಟ್ಟಿನ ಕಂಪನಿ! ಪಕ್ಕದಲ್ಲೇ ಇದ್ದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಆ ಬಲೂನುಗಳಿಗೆ ಫೋಟೊಗ್ರಾಫಿಕ್ ಫಲಕಗಳನ್ನು ಕಟ್ಟಿ ಕಳಿಸಿದರು. 1948ರಲ್ಲಿ, ವಿಶ್ವಕಿರಣದಲ್ಲಿ ಬರೀ ಪ್ರೋಟಾನುಗಳಲ್ಲ, ಭಾರವಾದ ಪರಮಾಣು ಬೀಜಗಳೂ ಇವೆ ಎಂದು ಆ ಫಲಕಗಳಿಂದ ಗೊತ್ತಾಯಿತು. ಈ ಶೋಧ ಮಾಡಿದ ತಂಡದಲ್ಲಿ ಫಿಲಿಸ್ ಫ್ರಯರ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಇದ್ದರು. ಅವರಿಗೆ ಆಗಿನ್ನೂ ಪಿಎಚ್‌ಡಿ ಆಗಿರಲಿಲ್ಲ. ಜೊತೆಗಿದ್ದ ಇಬ್ಬರ ಪಾಡು ಬೇರೆ. ಫ್ರಾಂಕ್ ಓಪನ್‌ಹೈಮರ್ ಕಮ್ಯುನಿಸ್ಟ್ ನಂಟಿನ ಆರೋಪದಲ್ಲಿ 1949ರಲ್ಲಿ ಕೆಲಸ ಕಳೆದುಕೊಂಡು ದನ ಸಾಕಿದರು, ಆಮೇಲೆ ಹೈಸ್ಕೂಲ್ ಮೇಷ್ಟ್ರಾದರು, ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಕ್ಕಳು ಮುಟ್ಟಿ ನೋಡಿ ಕಲಿಯುವ ಎಕ್ಸ್‌ಪ್ಲೊರೇಟೋರಿಯಂ ಕಟ್ಟಿದರು. ಅದೇ ಬಗೆಯ ಆರೋಪದ ನೆರಳಿಗೆ ಸಿಕ್ಕ ಬರ್ನಾರ್ಡ್ ಪೀಟರ್ಸ್ ಮುಂಬೈಗೆ ಬಂದು ಟಿಐಎಫ್ಆರ್ ಸೇರಿದರು. ಇಲ್ಲಿ ಅವರ ಬಳಿ ಪಳಗಿದ ಹುಡುಗರಲ್ಲಿ ಒಬ್ಬರು ಯಶ್ ಪಾಲ್. ದೂರದರ್ಶನದ 'ಟರ್ನಿಂಗ್ ಪಾಯಿಂಟ್' ನೋಡಿದವರಿಗೆ ಆ ಮುಖ ಗೊತ್ತು. ಮುಂದೆ ಯುಜಿಸಿ ಅಧ್ಯಕ್ಷರಾದರು, ಮಕ್ಕಳ ಕಲಿಕೆಯ ಹೊರೆ ಇಳಿಸಬೇಕೆಂಬ 1993ರ ವರದಿಯೂ ಅವರ ನೇತೃತ್ವದ್ದೇ. ಓಪನ್‌ಹೈಮರ್, ಯಶ್ ಪಾಲ್ ಇಬ್ಬರೂ ಬಲೂನಿನ ಕೆಲಸದಿಂದ ಶಿಕ್ಷಣದ ಕಡೆಗೆ ಹೊರಳಿದ್ದು ಕಾಕತಾಳೀಯವಿರಬಹುದು. ನಮಗೇಕೋ ಹಾಗನ್ನಿಸುವುದಿಲ್ಲ.

ಅಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವ್ಯಾನ್ ಆಲೆನ್ 1952ರಿಂದ ಇನ್ನೊಂದು ಉಪಾಯ ಮಾಡಿದರು. ಸಣ್ಣ ರಾಕೆಟ್ಟನ್ನು ಬಲೂನಿಗೆ ತೂಗುಹಾಕಿ, ಮೇಲೆ ಹೋದ ನಂತರ ಹೊತ್ತಿಸುವುದು. ದಟ್ಟ ಗಾಳಿಯನ್ನು ಸೀಳುವ ಕಷ್ಟ ರಾಕೆಟ್ಟಿಗೆ ತಪ್ಪಿತು, ಕಾಸು ಕಡಿಮೆ ಇದ್ದ ವಿಭಾಗಕ್ಕೆ ಆಕಾಶ ಸಿಕ್ಕಿತು. ಹಡಗಿನ ಮೇಲೆ ನಿಂತು ಇವನ್ನು ಹಾರಿಸಿದ್ದು ಅವರೂ ಅವರ ವಿದ್ಯಾರ್ಥಿಗಳೂ. 1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಹಾರಿದ ರಾತ್ರಿಯ ಪ್ರಸಿದ್ಧ ಫೋಟೊ ಒಂದಿದೆ: ಮೂವರು ಉಪಗ್ರಹದ ಮಾದರಿಯನ್ನು ತಲೆಯ ಮೇಲೆತ್ತಿ ಹಿಡಿದಿದ್ದಾರೆ. ನಡುವೆ ಇರುವವರು ವ್ಯಾನ್ ಆಲೆನ್, ಒಂದು ಪಕ್ಕಕ್ಕೆ ರಾಕೆಟ್ ತಜ್ಞ ಫಾನ್ ಬ್ರೌನ್. ಇನ್ನೊಂದು ಪಕ್ಕಕ್ಕೆ ನಿಂತವರು ಜೆಪಿಎಲ್ ನಿರ್ದೇಶಕ ವಿಲಿಯಂ ಪಿಕರಿಂಗ್. ಹದಿನೆಂಟು ವರ್ಷದ ಹಿಂದೆ ಬೆಂಗಳೂರಿನಿಂದ ಬಲೂನು ಹಾರಿಸಿದ್ದ ಅದೇ ಪಿಕರಿಂಗ್. ಮೂವರಲ್ಲಿ ಇಬ್ಬರು ಬಲೂನಿನ ಶಾಲೆಯಲ್ಲಿ ಓದಿದವರು.

ಉಪಗ್ರಹ ಬಂದ ಮೇಲೆ ಬಲೂನಿನ ಮೆರುಗು ಇಳಿಯಿತು. ಜೊತೆಗೆ ಇನ್ನೊಂದು ನಷ್ಟವೂ ಆಯಿತು. ಉಪಗ್ರಹವೊಂದು ಯೋಜನೆಯಾಗಿ, ಕಟ್ಟಿ, ಹಾರಿ, ಮಾಹಿತಿ ಕಳಿಸುವಷ್ಟರಲ್ಲಿ ಹತ್ತು ವರ್ಷ ಕಳೆಯುತ್ತದೆ. ಡಿಗ್ರಿ ವಿದ್ಯಾರ್ಥಿಗೆ ಸಿಗುವುದು ನಾಲ್ಕು ವರ್ಷ. ಹೀಗಾಗಿ ಬಾಹ್ಯಾಕಾಶ ಎಂಜಿನಿಯರಿಂಗ್ ಓದುವವರು ಒಂದು ತುಂಡನ್ನು ಕಲಿತು, ಇಡಿಯಾಗಿ ಏನನ್ನೂ ಮಾಡದೆ ಹೊರಬರುವಂತಾಯಿತು.

ಬಲೂನು ತರಗತಿಗೆ ಮರಳಿ ಬಂದದ್ದು ಪ್ರೊಫೆಸರರ ಕೈಯಿಂದಲ್ಲ, ಹ್ಯಾಮ್ ರೇಡಿಯೊ ಹವ್ಯಾಸಿಗಳ ಕೈಯಿಂದ. 1987ರಲ್ಲಿ ಒಹಾಯೊ ರಾಜ್ಯದಲ್ಲಿ ಹವ್ಯಾಸಿಗಳು ಹವಾಮಾನ ಬಲೂನಿಗೆ ಸಣ್ಣ ಟ್ರಾನ್ಸ್‌ಮಿಟರ್ ಕಟ್ಟಿ ಹಾರಿಸಿದರು. ಅದೇ ಕಾಲದಲ್ಲಿ ನಾಸಾದ 'ಸ್ಪೇಸ್ ಗ್ರಾಂಟ್' ಯೋಜನೆ ಬಂತು, ರಾಜ್ಯ ರಾಜ್ಯದ ಕಾಲೇಜುಗಳಿಗೆ ಸಣ್ಣ ಸಣ್ಣ ಹಣ ಹೋಗತೊಡಗಿತು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ನಿಲ್ಲಿಸಿತು. ಬಿದ್ದ ಪೆಟ್ಟಿಗೆಯನ್ನು ಹುಡುಕುವುದು ಸುಲಭವಾಯಿತು. ನಮ್ಮ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕಾರಣ ಅಲ್ಲಿಯ ವಿಮಾನಯಾನ ನಿಯಮದ ಒಂದು ಸಾಲು. ಒಂದು ಪೆಟ್ಟಿಗೆ 6 ಪೌಂಡ್, ಎಲ್ಲ ಸೇರಿ 12 ಪೌಂಡ್ ಮೀರದಿದ್ದರೆ ದೊಡ್ಡ ಬಲೂನುಗಳಿಗಿರುವ ಬಹುಪಾಲು ಷರತ್ತು ಅದಕ್ಕೆ ಅನ್ವಯಿಸುವುದಿಲ್ಲ. ಸುಮಾರು ಐದೂವರೆ ಕಿಲೋ. ಒಂದಿಡೀ ಶಿಕ್ಷಣ ಪದ್ಧತಿ ಈ ಐದೂವರೆ ಕಿಲೋದೊಳಗೆ ಬೆಳೆದಿದೆ.

ಹಾಗಾದರೆ ವಿದ್ಯಾರ್ಥಿ ಮಾಡುವುದೇನು? ಮೊದಲು ಲೆಕ್ಕ. ಒಂದು ಘನ ಮೀಟರ್ ಹೀಲಿಯಂ ನೆಲಮಟ್ಟದಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಎತ್ತುತ್ತದೆ. ಪೆಟ್ಟಿಗೆ, ಪ್ಯಾರಾಚೂಟ್, ಬಲೂನಿನ ರಬ್ಬರ್ ಎಲ್ಲದರ ತೂಕ ಕೂಡಿಸಿ, ಸೆಕೆಂಡಿಗೆ 5 ಮೀಟರ್ ಏರುವಷ್ಟು ಅನಿಲ ತುಂಬಬೇಕು. ಕಡಿಮೆಯಾದರೆ ಎಲ್ಲೋ ತೇಲಿಕೊಂಡು ಹೋಗಿ ಕೈಗೆ ಸಿಗದು, ಜಾಸ್ತಿಯಾದರೆ ಬೇಗ ಒಡೆಯುತ್ತದೆ. 30 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ನೂರರಲ್ಲೊಂದು ಪಾಲಿನ ಆಸುಪಾಸು. ಉಷ್ಣಾಂಶವನ್ನೂ ಲೆಕ್ಕಕ್ಕೆ ಹಿಡಿದರೆ ಅನಿಲದ ಗಾತ್ರ 60 ಪಟ್ಟು ಮೀರಿ ಹಿಗ್ಗುತ್ತದೆ. ನೆಲದ ಮೇಲೆ 2 ಮೀಟರ್ ಅಗಲವಿದ್ದ ಬಲೂನು ಅಲ್ಲಿ 8 ಮೀಟರ್. ಚಾರ್ಲ್ಸ್, ಬಾಯ್ಲ್ ಇಬ್ಬರೂ ಇಲ್ಲಿ ಪರೀಕ್ಷೆಗಲ್ಲ, ಬಲೂನು ಒಡೆಯದಿರಲು ಬೇಕು.

ಆಮೇಲೆ ಪೆಟ್ಟಿಗೆ. ಥರ್ಮೊಕೋಲೇ ಸಾಕು, ಮೀನು ಮಾರುವವರ ಐಸ್ ಪೆಟ್ಟಿಗೆಯಂಥದ್ದು. ದಾರಿಯಲ್ಲಿ ಮೈನಸ್ 50, 60 ಡಿಗ್ರಿ ಚಳಿ. ನಮ್ಮ ಉಷ್ಣವಲಯದಲ್ಲಾದರೆ 16-17 ಕಿಲೋಮೀಟರಿನಲ್ಲಿ ಮೈನಸ್ 80. ಆ ಚಳಿಗೆ ಬ್ಯಾಟರಿ ಸಾಯುತ್ತದೆ. ತಮಾಷೆ ಎಂದರೆ ಇನ್ನೂ ಮೇಲೆ ಹೋದರೆ ಬಿಸಿಯದೇ ಕಾಟ. ಗಾಳಿ ಇಲ್ಲದ ಕಡೆ ಬಿಸಿಯನ್ನು ಒಯ್ಯುವವರೇ ಇಲ್ಲ, ಕ್ಯಾಮೆರಾ ತನ್ನದೇ ಶಾಖಕ್ಕೆ ಬೇಯುತ್ತದೆ. ಇದನ್ನು ಓದಿ ಕಲಿಯುವುದು ಒಂದು, ನಿಮ್ಮ ಕ್ಯಾಮೆರಾ 20 ಕಿಲೋಮೀಟರಿನಲ್ಲಿ ನಿಂತುಹೋಗಿ ಕಲಿಯುವುದು ಇನ್ನೊಂದು.

ಕೊನೆಗೆ ಬೆನ್ನಟ್ಟುವುದು. ಗಂಟೆ ಒಂದೂವರೆಗೂ ಮೀರಿ ಏರಿದ ಬಲೂನು ಒಡೆದು, ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಹುಡುಗರು ಗಾಳಿಯ ಮುನ್ಸೂಚನೆ ಹಿಡಿದು ವ್ಯಾನಿನಲ್ಲಿ ಹಿಂದೆ ಹೋಗುತ್ತಾರೆ. ಯಾರದೋ ಜೋಳದ ಹೊಲ, ಯಾರದೋ ಬೇಲಿ. ಮಾಲೀಕರನ್ನು ಕಂಡು, ವಿಷಯ ಹೇಳಿ, ಒಪ್ಪಿಗೆ ಕೇಳಿ ಒಳಗೆ ಹೋಗಬೇಕು. ತಾನು ಮಾಡಿದ್ದನ್ನು ಗೊತ್ತಿಲ್ಲದ ರೈತನಿಗೆ ಅರ್ಥವಾಗುವಂತೆ ಹೇಳುವುದೂ ಪಠ್ಯದ ಭಾಗವಾಯಿತು. ಪತ್ರಕರ್ತರಾದ ನಮಗೆ ಇದು ಬಲೂನಿಗಿಂತ ಹಿಡಿಸಿತು.

ಈ ವಿದ್ಯಾರ್ಥಿಗಳು ಹೆಚ್ಚಾಗಿ ಮಾಡುವ ಪ್ರಯೋಗ ಯಾವುದು ಗೊತ್ತೇ? ಪೆಟ್ಟಿಗೆಯಲ್ಲಿ ಗೈಗರ್ ಕೌಂಟರ್ ಇಟ್ಟು ರೆಗೆನರ್–ಫೋಟ್ಸರ್ ಗರಿಷ್ಠವನ್ನು ಹುಡುಕುವುದು. ಒಬ್ಬ ವಿದ್ಯಾರ್ಥಿ ಕಂಡದ್ದನ್ನು ತೊಂಬತ್ತು ವರ್ಷದ ನಂತರ ಸಾವಿರಾರು ವಿದ್ಯಾರ್ಥಿಗಳು ಮತ್ತೆ ಕಾಣುತ್ತಿದ್ದಾರೆ.

ಇದಕ್ಕೂ ಮೇಲಿನ ಮೆಟ್ಟಿಲೂ ಇದೆ. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ ನಾಸಾ ಜೊತೆ 2006ರಲ್ಲಿ ಹ್ಯಾಸ್ಪ್ ಎಂಬ ವೇದಿಕೆ ಶುರುಮಾಡಿತು. ನ್ಯೂಮೆಕ್ಸಿಕೊದ ಫೋರ್ಟ್ ಸಮ್ನರ್‌ನಿಂದ ಹಾರುವ ಒಂದೇ ದೊಡ್ಡ ಬಲೂನು ಹಲವು ವಿದ್ಯಾರ್ಥಿ ತಂಡಗಳ ಉಪಕರಣಗಳನ್ನು ಹೊತ್ತು ಸುಮಾರು 36 ಕಿಲೋಮೀಟರ್ ಎತ್ತರದಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಯುರೋಪಿನವರಿಗೆ ಸ್ವೀಡನ್ನಿನ ಕಿರುನಾದಿಂದ ಹಾರುವ ಬೆಕ್ಸಸ್ ಇದೆ. 2017ರ ಆಗಸ್ಟ್ 21ರ ಸೂರ್ಯಗ್ರಹಣಕ್ಕೆ ಮೊಂಟಾನಾದವರ ಮುಂದಾಳತ್ವದಲ್ಲಿ ಐವತ್ತಕ್ಕೂ ಹೆಚ್ಚು ತಂಡಗಳು ಅಮೆರಿಕದ ಉದ್ದಕ್ಕೂ ಬಲೂನು ಹಾರಿಸಿ, ಚಂದ್ರನ ನೆರಳು ಭೂಮಿಯ ಮೇಲೆ ಓಡುವುದನ್ನು ನೇರಪ್ರಸಾರ ಮಾಡಿದವು. ಅವುಗಳಲ್ಲಿ ನಮ್ಮ ತಾಲ್ಲೂಕು ಕಾಲೇಜಿನಂಥ ಸಣ್ಣ ಕಾಲೇಜುಗಳೂ ಇದ್ದವು.

ನಮ್ಮಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಟಿಐಎಫ್ಆರ್ ಹೈದರಾಬಾದಿನಲ್ಲಿ 1969ರಿಂದ ಶಾಶ್ವತ ಬಲೂನು ಕೇಂದ್ರ ನಡೆಸುತ್ತಿದೆ. ಉಷ್ಣವಲಯದ ಆ ಮೈನಸ್ 80ಕ್ಕೆ ಹೊರಗಿನ ಪಾಲಿಥೀನ್ ಗಾಜಿನಂತೆ ಒಡೆಯುತ್ತಿತ್ತೆಂದು ತಮ್ಮದೇ ಫಿಲ್ಮ್ ರೂಪಿಸಿಕೊಂಡರು. 2005ರ ಏಪ್ರಿಲ್ 20ರಂದು ಅಲ್ಲಿಂದ ಹಾರಿದ ಇಸ್ರೊ ಪ್ರಯೋಗದಲ್ಲಿ ಅದುವರೆಗೆ ಗೊತ್ತಿಲ್ಲದ ಮೂರು ಬ್ಯಾಕ್ಟೀರಿಯಾ ಪ್ರಭೇದಗಳು ಸಿಕ್ಕವು. ಒಂದಕ್ಕೆ ಆರ್ಯಭಟನ ಹೆಸರಿಟ್ಟರು. ಹೆಮ್ಮೆಯ ಕೆಲಸವೇ. ಆದರೆ ಅದು ಸಂಶೋಧನಾ ಸಂಸ್ಥೆಗಳ ಬಲೂನು, ಡಿಗ್ರಿ ಕಾಲೇಜಿನದ್ದಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆ ಬಳಿಯ ತನ್ನ ಕ್ರೆಸ್ಟ್ ಕ್ಯಾಂಪಸ್ಸಿನಿಂದ ಕಡಿಮೆ ಖರ್ಚಿನ ಸಣ್ಣ ಬಲೂನುಗಳನ್ನು ಹಾರಿಸಿ ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡದ್ದುಂಟು. ಅದೂ ರಾಜಧಾನಿಯ ಮಗ್ಗುಲಲ್ಲೇ.

ಜಿಲ್ಲೆಯಲ್ಲಿ ನಾವು ಕಾಣುವುದು ಇನ್ನೊಂದು ಚಿತ್ರ. ಎಂಜಿನಿಯರಿಂಗ್ ಕಾಲೇಜೊಂದರ ಕೊನೆಯ ವರ್ಷದ ಪ್ರಾಜೆಕ್ಟ್ ಪ್ರದರ್ಶನದ ವರದಿಗೆ ಹೋದಾಗ ಒಂದೇ ಥರದ ಮೂರು ನೀರಾವರಿ ಯಂತ್ರ ಕಂಡವು. ಎಲ್ಲಿ ಮಾಡಿದಿರಿ ಎಂದರೆ ಹುಡುಗರು ಮುಖ ಮುಖ ನೋಡಿಕೊಂಡರು. ಬೆಂಗಳೂರಿನ ಅಂಗಡಿಯಲ್ಲಿ ರೆಡಿಮೇಡ್ ಪ್ರಾಜೆಕ್ಟ್, ರಿಪೋರ್ಟ್ ಸಮೇತ ಸಿಗುತ್ತದೆ, ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಬಲೂನನ್ನು ಹಾಗೆ ಕೊಳ್ಳಲು ಬರುವುದಿಲ್ಲ. ಪೆಟ್ಟಿಗೆಯನ್ನು ಕೊಳ್ಳಬಹುದು, ಹಾರಿಸುವ ದಿನದ ಗಾಳಿಯನ್ನಲ್ಲ.

ಅಡ್ಡಿಗಳೂ ನಿಜವಾದವೇ, ಅವನ್ನು ಮುಚ್ಚಿಡಬಾರದು. ಇಲ್ಲಿ ಆ ಐದೂವರೆ ಕಿಲೋದಂಥ ಸಲೀಸು ದಾರಿಯಿಲ್ಲ. ವಿಮಾನಯಾನ ಅಧಿಕಾರಿಗಳ ಒಪ್ಪಿಗೆ ಬೇಕು. ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರವೇ ಇದೆ, ಆಕಾಶ ಖಾಲಿ ಬಿದ್ದಿಲ್ಲ. ಹೊರದೇಶದ ತಂಡಗಳು ಬಳಸುವ ಇರಿಡಿಯಂ ಉಪಗ್ರಹ ಸಾಧನಗಳನ್ನು ಇಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಹ್ಯಾಮ್ ರೇಡಿಯೊಗೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು. ಹೀಲಿಯಂ ಆಮದಿನ ಸರಕು, ದುಬಾರಿ. ಹೈಡ್ರೋಜನ್ ಅಗ್ಗ, ಆದರೆ ಕಿಡಿ ತಾಗಿದರೆ ಮುಗಿಯಿತು. ಇವ್ಯಾವೂ ದಾಟಲಾಗದವಲ್ಲ. ಅರ್ಜಿ, ಪತ್ರ, ಫಾಲೋ-ಅಪ್ ಕೇಳುವಂಥವು. ಅದನ್ನು ಮಾಡಲು ಒಬ್ಬ ಮೇಷ್ಟ್ರಿಗೆ ವಾರದ ಕ್ಲಾಸುಗಳಿಂದ ಬಿಡುವು ಬೇಕು, ಖಾಲಿ ಹುದ್ದೆಗಳನ್ನು ಅತಿಥಿ ಉಪನ್ಯಾಸಕರಿಂದ ತುಂಬಿಸಿಕೊಂಡ ಕಾಲೇಜಿನಲ್ಲಿ ಅದೇ ಸಿಗುವುದಿಲ್ಲ.

ಹೈದರಾಬಾದಿನ ಬಲೂನುಗಳು ಹಾರಿ ಬರುವ ದಾರಿಯ ಕೆಳಗೇ ಬೀದರ್, ಕಲಬುರಗಿ ಕಡೆಯ ಎಂಜಿನಿಯರಿಂಗ್ ಕಾಲೇಜುಗಳಿವೆ. ಪೆಟ್ಟಿಗೆ ಕಂಡರೆ ಪೊಲೀಸರಿಗೆ ತಿಳಿಸಿ ಎನ್ನುವ ಆ ಪ್ರಕಟಣೆಯ ಪ್ರತಿ ಈ ಕಾಲೇಜುಗಳ ಭೌತವಿಜ್ಞಾನ ವಿಭಾಗಕ್ಕೂ ಹೋಗುವಂತಾಗಲಿ, ಪೆಟ್ಟಿಗೆ ಒಯ್ಯಲು ಬರುವ ತಂಡದ ಜೊತೆ ಹತ್ತು ವಿದ್ಯಾರ್ಥಿಗಳು ಹೊಲಕ್ಕೆ ಹೋಗುವಂತಾಗಲಿ. ಇದಕ್ಕೆ ಹೀಲಿಯಂ ಬೇಡ, ಲೈಸೆನ್ಸ್ ಬೇಡ, ಒಂದು ಟೆಂಪೊ ಬಾಡಿಗೆ ಸಾಕು. ದಕ್ಷಿಣದವರಿಗೆ ಇನ್ನೂ ಹತ್ತಿರ ಇದೆ: ಬೆಂಗಳೂರು, ಮಂಗಳೂರುಗಳ ಹವಾಮಾನ ಕೇಂದ್ರಗಳಿಂದ ರೇಡಿಯೊಸಾಂಡ್ ಎಂಬ ಸಣ್ಣ ಪೆಟ್ಟಿಗೆ ಕಟ್ಟಿದ ಬಲೂನು ಹಾರುತ್ತದೆ. ಜಗತ್ತಿನ ಕೇಂದ್ರಗಳೆಲ್ಲ ಇದಕ್ಕೆ ಒಂದೇ ಗಡಿಯಾರ ಹಿಡಿಯುತ್ತವೆ. ನಮ್ಮ ಲೆಕ್ಕದಲ್ಲಿ ಅದು ಬೆಳಗ್ಗೆ 5.30, ಸಂಜೆ 5.30.